ಪ್ರವಾಸಕಾಲದ ಡಯಾಲಿಸಿಸ್

ಪ್ರವಾಸಕಾಲದ ಡಯಾಲಿಸಿಸ್ ಎಂದರೆ ಮೂತ್ರಪಿಂಡ ವೈಫಲ್ಯದಿಂದಾಗಿ ನಿಯಮಿತ ಡಯಾಲಿಸಿಸ್ ಪಡೆಯುತ್ತಿರುವ ರೋಗಿಯು ತನ್ನ ಊರಿನಿಂದ ದೂರವಿರುವ ಅವಧಿಯಲ್ಲಿ ಬೇರೊಂದು ಸ್ಥಳದ ಘಟಕದಲ್ಲಿ ಅದೇ ಚಿಕಿತ್ಸೆಯನ್ನು ತಾತ್ಕಾಲಿಕವಾಗಿ ಮುಂದುವರಿಸುವ ವ್ಯವಸ್ಥೆ. ಇದನ್ನು ಅತಿಥಿ ಡಯಾಲಿಸಿಸ್ ಮತ್ತು ರಜಾಕಾಲದ ಡಯಾಲಿಸಿಸ್ ಎಂದೂ ಕರೆಯಲಾಗುತ್ತದೆ. ಮದುವೆ, ತೀರ್ಥಯಾತ್ರೆ, ಉದ್ಯೋಗ, ಬಂಧುಗಳ ಭೇಟಿ ಅಥವಾ ಕುಟುಂಬದಲ್ಲಿನ ಸಾವು ಇಂತಹ ಪ್ರಯಾಣಕ್ಕೆ ಸಾಮಾನ್ಯ ಕಾರಣಗಳು. ಈ ಲೇಖನದಲ್ಲಿ ರೋಗಿಯು ನಿತ್ಯ ಚಿಕಿತ್ಸೆ ಪಡೆಯುವ ಕೇಂದ್ರವನ್ನು ಮೂಲ ಘಟಕ ಎಂದೂ, ಪ್ರವಾಸದಲ್ಲಿ ಚಿಕಿತ್ಸೆ ನೀಡುವ ಕೇಂದ್ರವನ್ನು ಆತಿಥೇಯ ಘಟಕ ಎಂದೂ ಹೆಸರಿಸಲಾಗಿದೆ.

ಡಯಾಲಿಸಿಸ್ ಯಂತ್ರಗಳು ಎಲ್ಲೆಡೆ ಬಹುಮಟ್ಟಿಗೆ ಒಂದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಆದರೆ ರೋಗಿಯ ದೇಹದ ಬಗ್ಗೆ ಮೂಲ ಘಟಕದ ಸಿಬ್ಬಂದಿಗೆ ತಿಂಗಳುಗಳಿಂದ ತಿಳಿದಿರುವ ಸಂಗತಿಗಳು ಆತಿಥೇಯ ಘಟಕಕ್ಕೆ ತಿಳಿದಿರುವುದಿಲ್ಲ. ಆದ್ದರಿಂದ ಪ್ರವಾಸಕಾಲದ ಡಯಾಲಿಸಿಸ್‌ನ ಸುರಕ್ಷತೆಯು ಯಂತ್ರಕ್ಕಿಂತ ಹೆಚ್ಚಾಗಿ ಒಂದು ಘಟಕದಿಂದ ಇನ್ನೊಂದಕ್ಕೆ ಸಾಗುವ ಮಾಹಿತಿಯ ನಿಖರತೆಯನ್ನು ಅವಲಂಬಿಸಿದೆ.

ಹಿನ್ನೆಲೆ

ಹೀಮೋಡಯಾಲಿಸಿಸ್‌ನಲ್ಲಿ ರಕ್ತವನ್ನು ದೇಹದಿಂದ ಹೊರತೆಗೆದು, ಡಯಲೈಸರ್ ಎಂಬ ಕೃತಕ ಶೋಧಕದ ಮೂಲಕ ಹಾಯಿಸಿ, ಮತ್ತೆ ದೇಹಕ್ಕೆ ಹಿಂದಿರುಗಿಸಲಾಗುತ್ತದೆ. ವಾರಕ್ಕೆ 3 ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆಗಳ ಚಿಕಿತ್ಸೆ ಸಾಮಾನ್ಯ ಕ್ರಮ. ಭಾರತದಲ್ಲಿ ಖರ್ಚು ಮತ್ತು ದೂರದ ಕಾರಣದಿಂದ ವಾರಕ್ಕೆ 2 ಬಾರಿ ಮಾತ್ರ ಚಿಕಿತ್ಸೆ ಪಡೆಯುವವರೂ ಬಹಳಷ್ಟು ಮಂದಿ ಇದ್ದಾರೆ. ಎರಡು ಚಿಕಿತ್ಸೆಗಳ ನಡುವಿನ ಅವಧಿಯಲ್ಲಿ ನೀರು, ಪೊಟ್ಯಾಶಿಯಂ, ಯೂರಿಯಾ ಮೊದಲಾದವು ದೇಹದಲ್ಲಿ ಶೇಖರವಾಗುತ್ತವೆ. ಹೆಚ್ಚುವರಿ ನೀರು ಶ್ವಾಸಕೋಶಗಳಲ್ಲಿ ತುಂಬಿ ಉಸಿರಾಟಕ್ಕೆ ತೊಂದರೆಯಾಗಬಹುದು. ರಕ್ತದಲ್ಲಿ ಪೊಟ್ಯಾಶಿಯಂ ಪ್ರಮಾಣ ಮಿತಿಮೀರಿದರೆ ಹೃದಯದ ಬಡಿತ ಏರುಪೇರಾಗಿ ಹಠಾತ್ ಸಾವು ಸಂಭವಿಸಬಹುದು.

2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ವಾರಕ್ಕೆ 3 ಬಾರಿ ಚಿಕಿತ್ಸೆ ಪಡೆಯುವವರಲ್ಲಿಯೂ ವಾರಾಂತ್ಯದ ದೀರ್ಘ ಅಂತರದ ಮರುದಿನ ಸಾವು ಮತ್ತು ಹೃದಯ ಸಂಬಂಧಿ ಕಾರಣಗಳಿಗಾಗಿ ಆಸ್ಪತ್ರೆ ಸೇರುವಿಕೆ ಇತರ ದಿನಗಳಿಗಿಂತ ಹೆಚ್ಚಾಗಿರುವುದನ್ನು ತೋರಿಸಿತು. ನಿಗದಿತ ಅಂತರವೇ ಹೀಗಿರುವಾಗ, ಪ್ರಯಾಣದ ನೆಪದಲ್ಲಿ ಒಂದು ಚಿಕಿತ್ಸೆಯನ್ನು ಕೈಬಿಡುವುದು ಅಪಾಯಕರ. ಹೀಗಾಗಿ ಡಯಾಲಿಸಿಸ್ ರೋಗಿಯು ಮೂರು ದಿನಗಳಿಗಿಂತ ದೀರ್ಘವಾದ ಯಾವುದೇ ಪ್ರಯಾಣ ಕೈಗೊಳ್ಳಬೇಕಾದರೂ ಅಪರಿಚಿತ ಘಟಕವೊಂದನ್ನು ಆಶ್ರಯಿಸಬೇಕಾಗುತ್ತದೆ.

ಇತಿಹಾಸ

ಡಚ್ ವೈದ್ಯ ವಿಲ್ಲೆಮ್ ಕೋಲ್ಫ್ 1943ರಲ್ಲಿ ನೆದರ್ಲೆಂಡ್ಸ್‌ನ ಕಾಂಪೆನ್ ಪಟ್ಟಣದಲ್ಲಿ ತಿರುಗುವ ಉರುಳೆಯ ಕೃತಕ ಮೂತ್ರಪಿಂಡವನ್ನು ಬಳಕೆಗೆ ತಂದರು. ಪ್ರತಿ ಚಿಕಿತ್ಸೆಗೂ ರಕ್ತನಾಳವನ್ನು ಹೊಸದಾಗಿ ತೆರೆಯಬೇಕಾಗಿದ್ದುದರಿಂದ ದೀರ್ಘಕಾಲದ ಡಯಾಲಿಸಿಸ್ ಆಗ ಸಾಧ್ಯವಿರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತು ಸಂಗಡಿಗರು ಟೆಫ್ಲಾನ್ ಕೊಳವೆಯ ಶಂಟ್ ರೂಪಿಸಿದ ಬಳಿಕ ಅದೇ ರೋಗಿಗೆ ಮತ್ತೆ ಮತ್ತೆ ಚಿಕಿತ್ಸೆ ನೀಡುವುದು ಸಾಧ್ಯವಾಯಿತು. ಆದರೆ ಶಂಟ್ ಕೊಳವೆಗಳು ಚರ್ಮದ ಹೊರಗೇ ಇರುತ್ತಿದ್ದವು. ಅವು ಕಳಚುವ ಹಾಗೂ ಸೋಂಕು ತಗಲುವ ಭಯವಿತ್ತು.

1966ರಲ್ಲಿ ನ್ಯೂಯಾರ್ಕ್‌ನ ಬ್ರೆಸಿಯಾ, ಸಿಮಿನೊ ಮತ್ತು ಸಹೋದ್ಯೋಗಿಗಳು ಮುಂಗೈಯ ಅಪಧಮನಿ ಹಾಗೂ ಅಭಿಧಮನಿಗಳನ್ನು ಜೋಡಿಸುವ ಫಿಸ್ಟುಲಾ ವಿಧಾನವನ್ನು ವರದಿ ಮಾಡಿದರು. ಫಿಸ್ಟುಲಾ ಚರ್ಮದ ಒಳಗಿರುತ್ತದೆ ಮತ್ತು ತರಬೇತಿ ಪಡೆದ ಯಾವುದೇ ಸಿಬ್ಬಂದಿ ಅದಕ್ಕೆ ಸೂಜಿ ಹಾಕಬಹುದು. ರೋಗಿಯು ಒಂದು ಘಟಕದಿಂದ ಇನ್ನೊಂದಕ್ಕೆ ಹೋಗುವುದನ್ನು ಇದು ಬಹಳ ಸುಲಭಗೊಳಿಸಿತು.

ಯಂತ್ರವನ್ನೇ ರೋಗಿಯೊಂದಿಗೆ ಸಾಗಿಸುವ ಪ್ರಯತ್ನಗಳೂ ನಡೆದಿವೆ. 1973ರಲ್ಲಿ ಬಳಕೆಗೆ ಬಂದ ರೆಡಿ ಎಂಬ ಯಂತ್ರವು ಬಳಸಿದ ದ್ರಾವಣವನ್ನು ಹೀರುಪದಾರ್ಥಗಳ ಮೂಲಕ ಶುದ್ಧಗೊಳಿಸಿ ಮರುಬಳಸುತ್ತಿತ್ತು. ಇದಕ್ಕೆ ಸುಮಾರು 6 ಲೀಟರ್ ನೀರು ಸಾಕಾಗುತ್ತಿತ್ತು. 1976ರಲ್ಲಿ ಅಮೆರಿಕದ ಪೊಪೊವಿಚ್ ಮತ್ತು ಮೊಂಕ್ರೀಫ್ ಯಂತ್ರವಿಲ್ಲದೆ ನಡೆಯುವ ನಿರಂತರ ಪೆರಿಟೋನಿಯಲ್ ಡಯಾಲಿಸಿಸ್ ವಿಧಾನವನ್ನು ವಿವರಿಸಿದರು. 2005ರಲ್ಲಿ ಮನೆಯಲ್ಲಿ ಬಳಸಬಹುದಾದ, ಸಾಗಿಸಬಲ್ಲ ಹೀಮೋಡಯಾಲಿಸಿಸ್ ಯಂತ್ರವೊಂದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೂ ಜಗತ್ತಿನ ಬಹುಪಾಲು ರೋಗಿಗಳು ಇಂದಿಗೂ ಘಟಕಗಳನ್ನೇ ಅವಲಂಬಿಸಿದ್ದಾರೆ.

ಪೂರ್ವಸಿದ್ಧತೆ

ಪ್ರಯಾಣಕ್ಕೆ 6ರಿಂದ 8 ವಾರಗಳ ಮೊದಲೇ ಸಿದ್ಧತೆ ಆರಂಭಿಸುವುದು ಸೂಕ್ತವೆಂದು ಸಾಮಾನ್ಯವಾಗಿ ಸಲಹೆ ನೀಡಲಾಗುತ್ತದೆ. ಘಟಕಗಳ ಯಂತ್ರಗಳು ಸ್ಥಳೀಯ ರೋಗಿಗಳ ಪಾಳಿಗಳಿಂದ ತುಂಬಿರುವುದರಿಂದ ಅತಿಥಿ ರೋಗಿಗೆ ಬಿಡುವಿನ ಪಾಳಿ ದೊರೆಯುವುದು ಖಚಿತವಲ್ಲ. ಹಬ್ಬ, ಜಾತ್ರೆ ಮತ್ತು ಬೇಸಿಗೆ ರಜೆಯ ದಿನಗಳಲ್ಲಿ ಇನ್ನಷ್ಟು ಮುಂಚಿತವಾಗಿ ವಿಚಾರಿಸಬೇಕಾಗುತ್ತದೆ. ಪಾಳಿ ಖಚಿತವಾದ ನಂತರವೇ ಪ್ರಯಾಣದ ಟಿಕೆಟ್ ಕಾಯ್ದಿರಿಸುವುದು ಜಾಣತನ.

ಎಲ್ಲ ರೋಗಿಗಳೂ ಪ್ರಯಾಣಕ್ಕೆ ಅರ್ಹರಲ್ಲ. ಡಯಾಲಿಸಿಸ್ ಈಚೆಗಷ್ಟೇ ಆರಂಭಿಸಿದವರು, ಚಿಕಿತ್ಸೆಯ ನಡುವೆ ರಕ್ತದೊತ್ತಡ ಪದೇಪದೇ ಕುಸಿಯುವವರು, ಸೋಂಕು ಅಥವಾ ಹೃದ್ರೋಗಕ್ಕಾಗಿ ಇತ್ತೀಚೆಗೆ ಆಸ್ಪತ್ರೆ ಸೇರಿದ್ದವರು ಹಾಗೂ ಫಿಸ್ಟುಲಾ ಸರಿಯಾಗಿ ಕೆಲಸ ಮಾಡದಿರುವವರು ಪ್ರಯಾಣವನ್ನು ಮುಂದೂಡುವಂತೆ ವೈದ್ಯರು ಸೂಚಿಸಬಹುದು.

ಮೂಲ ಘಟಕವು ಆತಿಥೇಯ ಘಟಕಕ್ಕೆ ಕಳುಹಿಸುವ ವಿವರಗಳಲ್ಲಿ ಸಾಮಾನ್ಯವಾಗಿ ಈ ಕೆಳಗಿನವು ಸೇರಿರುತ್ತವೆ:

• ರೋಗದ ಮೂಲ ಕಾರಣ, ಇತರ ಕಾಯಿಲೆಗಳು ಮತ್ತು ಅಲರ್ಜಿಗಳು
• ಒಣ ತೂಕ ಹಾಗೂ ಎರಡು ಚಿಕಿತ್ಸೆಗಳ ನಡುವೆ ಏರುವ ತೂಕದ ಸರಾಸರಿ
• ಚಿಕಿತ್ಸೆಯ ಅವಧಿ, ರಕ್ತದ ಹರಿವಿನ ವೇಗ, ಡಯಲೈಸರಿನ ಬಗೆ
• ಡಯಾಲಿಸೇಟ್ ದ್ರಾವಣದ ಪೊಟ್ಯಾಶಿಯಂ, ಕ್ಯಾಲ್ಸಿಯಂ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಪ್ರಮಾಣ
• ಹೆಪಾರಿನ್ ಪ್ರಮಾಣ, ಅಥವಾ ಅದನ್ನು ನೀಡಬಾರದೆಂಬ ಸೂಚನೆ
• ಫಿಸ್ಟುಲಾ, ಗ್ರಾಫ್ಟ್ ಅಥವಾ ಕ್ಯಾತಿಟರ್‌ನ ಸ್ಥಾನ, ಸೂಜಿಯ ಗಾತ್ರ, ಸೂಜಿ ಹಾಕುವ ದಿಕ್ಕು
• ಇತ್ತೀಚಿನ ಕೆಲವು ಚಿಕಿತ್ಸೆಗಳ ದಾಖಲೆ ಮತ್ತು ರಕ್ತಪರೀಕ್ಷೆಗಳ ಫಲಿತಾಂಶ
• ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹಾಗೂ ಎಚ್‌ಐವಿ ಪರೀಕ್ಷಾ ವರದಿಗಳು
• ಔಷಧಗಳ ಪಟ್ಟಿ ಮತ್ತು ಮೂಲ ಘಟಕದ ದೂರವಾಣಿ ಸಂಖ್ಯೆ

ಈ ವಿವರಗಳ ಒಂದು ಪ್ರತಿಯನ್ನು ರೋಗಿಯು ತನ್ನ ಬಳಿ ಇಟ್ಟುಕೊಳ್ಳುವುದು ಅಗತ್ಯ. ಮುಂಚಿತವಾಗಿ ಕಳುಹಿಸಿದ ಕಾಗದಗಳು ಆ ಹೊತ್ತಿನ ಪಾಳಿಯ ಸಿಬ್ಬಂದಿಯ ಕೈಸೇರದಿರುವುದು ಅಪರೂಪವಲ್ಲ.

ಅಪರಿಚಿತ ಘಟಕದಲ್ಲಿ ಎದುರಾಗುವ ವ್ಯತ್ಯಾಸಗಳು

ಒಣ ತೂಕ ಮತ್ತು ತೂಕದ ಯಂತ್ರ

ದೇಹದಲ್ಲಿ ಹೆಚ್ಚುವರಿ ನೀರು ಇಲ್ಲದಿರುವಾಗಿನ ತೂಕವನ್ನು ಒಣ ತೂಕ ಎನ್ನುತ್ತಾರೆ. ಅದಕ್ಕಿಂತ ಎಷ್ಟು ಕಿಲೋಗ್ರಾಂ ಹೆಚ್ಚಿದೆಯೋ ಸುಮಾರು ಅಷ್ಟು ಲೀಟರ್ ನೀರನ್ನು ಯಂತ್ರದಿಂದ ತೆಗೆಯಲಾಗುತ್ತದೆ. ಒಂದು ಘಟಕದ ತೂಕದ ಯಂತ್ರಕ್ಕೂ ಇನ್ನೊಂದರ ಯಂತ್ರಕ್ಕೂ ಇರುವ ಸಣ್ಣ ವ್ಯತ್ಯಾಸವೂ ಇಲ್ಲಿ ಮಹತ್ವದ್ದಾಗುತ್ತದೆ.

ಉದಾಹರಣೆಗೆ, 58 ಕಿಲೋಗ್ರಾಂ ಒಣ ತೂಕದ ರೋಗಿಯೊಬ್ಬನ ನಿಜವಾದ ತೂಕ 61 ಕಿಲೋಗ್ರಾಂ ಆಗಿದೆ ಎಂದುಕೊಳ್ಳೋಣ. 4 ಗಂಟೆಗಳಲ್ಲಿ 3 ಲೀಟರ್ ನೀರು ತೆಗೆದರೆ ಗಂಟೆಗೆ 750 ಮಿಲಿಲೀಟರ್, ಅಂದರೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಗಂಟೆಗೆ ಸುಮಾರು 12.9 ಮಿಲಿಲೀಟರ್ ಆಗುತ್ತದೆ. ಈ ವೇಗವು 13 ಮಿಲಿಲೀಟರ್ ದಾಟದಿರುವುದು ಒಳ್ಳೆಯದೆಂದು ತಜ್ಞರು ಪರಿಗಣಿಸುತ್ತಾರೆ. ಆತಿಥೇಯ ಘಟಕದ ತೂಕದ ಯಂತ್ರವು 1 ಕಿಲೋಗ್ರಾಂ ಹೆಚ್ಚು ತೋರಿಸಿದರೆ 4 ಲೀಟರ್ ತೆಗೆಯಲು ಯಂತ್ರವನ್ನು ಹೊಂದಿಸಲಾಗುತ್ತದೆ. ಆಗ ವೇಗವು 17 ಮಿಲಿಲೀಟರ್‌ಗೂ ಮೀರುತ್ತದೆ. ರಕ್ತದೊತ್ತಡ ಕುಸಿತ, ಕಾಲುಗಳ ಸೆಳೆತ, ವಾಂತಿ, ಪ್ರಜ್ಞೆ ತಪ್ಪುವಿಕೆ ಇದರ ಫಲ. ರಕ್ತದೊತ್ತಡ ತೀವ್ರವಾಗಿ ಕುಸಿದರೆ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶಾಶ್ವತವಾಗಿ ಹಾಳಾಗಲೂಬಹುದು.

ಆದ್ದರಿಂದ ಪಾದರಕ್ಷೆ ಕಳಚಿ, ಮೂಲ ಘಟಕದಲ್ಲಿ ಧರಿಸುವಷ್ಟೇ ಬಟ್ಟೆಯಲ್ಲಿ ತೂಕ ನೋಡುವುದು, ಕಾಲಿನ ಊತ, ಉಸಿರಾಟ ಮತ್ತು ರಕ್ತದೊತ್ತಡಗಳೊಂದಿಗೆ ಅದನ್ನು ಹೋಲಿಸುವುದು, ಮೊದಲ ಚಿಕಿತ್ಸೆಯಲ್ಲಿ ನೀರನ್ನು ಎಚ್ಚರಿಕೆಯಿಂದ ತೆಗೆಯುವುದು ಉತ್ತಮ ಕ್ರಮಗಳೆನಿಸಿವೆ.

ಸೂಜಿ ಮತ್ತು ಫಿಸ್ಟುಲಾ

ಮೂಲ ಘಟಕದ ಸಿಬ್ಬಂದಿಗೆ ರೋಗಿಯ ಫಿಸ್ಟುಲಾದ ಆಳ, ತಿರುವು ಮತ್ತು ದುರ್ಬಲ ಭಾಗಗಳು ಅಭ್ಯಾಸದಿಂದ ತಿಳಿದಿರುತ್ತವೆ. ಹೊಸಬರು ತಪ್ಪಾದ ಸ್ಥಳದಲ್ಲಿ ಸೂಜಿ ಚುಚ್ಚಿದರೆ ಚರ್ಮದಡಿ ರಕ್ತಸ್ರಾವವಾಗಿ ಊತ ಉಂಟಾಗಬಹುದು. ಸೂಜಿ ಹಾಕುವ ಸ್ಥಳಗಳನ್ನು ಗುರುತಿಸಿದ ಚಿತ್ರ ಅಥವಾ ಛಾಯಾಚಿತ್ರವನ್ನು ಒಯ್ಯುವುದು ಇದಕ್ಕೆ ಸರಳ ಪರಿಹಾರ. ತನ್ನ ಫಿಸ್ಟುಲಾದ ಬಗ್ಗೆ ರೋಗಿಗೇ ತಿಳಿವಳಿಕೆ ಇದ್ದರೆ ಅದನ್ನು ಸೂಜಿ ಹಾಕುವ ಮೊದಲೇ ಸಿಬ್ಬಂದಿಗೆ ಹೇಳುವುದು ರೋಗಿಯ ಹಕ್ಕೂ ಹೌದು, ಸುರಕ್ಷತೆಯ ಭಾಗವೂ ಹೌದು.

ಡಯಲೈಸರ್ ಮತ್ತು ದ್ರಾವಣ

ಭಾರತದ ಅನೇಕ ಘಟಕಗಳಲ್ಲಿ ಒಂದೇ ರೋಗಿಗೆ ಮೀಸಲಾದ ಡಯಲೈಸರನ್ನು ಶುದ್ಧೀಕರಿಸಿ ಹಲವು ಬಾರಿ ಬಳಸುವ ಪದ್ಧತಿಯಿದೆ. ಪ್ರವಾಸದಲ್ಲಿ ಸಾಮಾನ್ಯವಾಗಿ ಹೊಸ ಡಯಲೈಸರ್ ಬಳಸಲಾಗುವುದರಿಂದ ಖರ್ಚು ಹೆಚ್ಚಾಗಬಹುದು. ಕೆಲವರಿಗೆ ಹೊಸ ಡಯಲೈಸರಿನ ಪೊರೆಯಿಂದ ಅಥವಾ ಅದರ ಕ್ರಿಮಿಶುದ್ಧೀಕರಣಕ್ಕೆ ಬಳಸಿದ ರಾಸಾಯನಿಕದಿಂದ ಅಲರ್ಜಿಯಾಗುವ ಸಾಧ್ಯತೆಯೂ ಇದೆ. ಹಿಂದೆ ಇಂತಹ ಪ್ರತಿಕ್ರಿಯೆ ಆಗಿದ್ದರೆ ಆ ಡಯಲೈಸರಿನ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ದ್ರಾವಣದ ಪೊಟ್ಯಾಶಿಯಂ ಪ್ರಮಾಣವೂ ಘಟಕದಿಂದ ಘಟಕಕ್ಕೆ ಬೇರೆಯಾಗಿರಬಹುದು. ಹೃದ್ರೋಗಿಗಳಲ್ಲಿ ಈ ವ್ಯತ್ಯಾಸ ಮುಖ್ಯವಾದುದು.

ಸೋಂಕು ನಿಯಂತ್ರಣ

ಆತಿಥೇಯ ಘಟಕವು ರಕ್ತದ ಮೂಲಕ ಹರಡುವ ವೈರಾಣುಗಳ ಪರೀಕ್ಷಾ ವರದಿಯನ್ನು ಕಡ್ಡಾಯವಾಗಿ ಕೇಳುತ್ತದೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ, ಕೋಣೆಯ ಉಷ್ಣತೆಯಲ್ಲಿ ಕನಿಷ್ಠ 7 ದಿನಗಳವರೆಗೆ ಜೀವಂತವಾಗಿರಬಲ್ಲದು. ಆದ್ದರಿಂದ ಇದರ ಸೋಂಕಿರುವವರಿಗೆ ಪ್ರತ್ಯೇಕ ಕೋಣೆ ಮತ್ತು ಪ್ರತ್ಯೇಕ ಯಂತ್ರ ಬೇಕಾಗುತ್ತದೆ. ಆ ಸೌಲಭ್ಯವಿಲ್ಲದ ಘಟಕಗಳು ಅವರನ್ನು ಸ್ವೀಕರಿಸುವುದಿಲ್ಲ. ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಇರುವವರಿಗೆ ಸೋಂಕು ತಡೆಯ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಪ್ರತ್ಯೇಕ ಯಂತ್ರ ಅನಿವಾರ್ಯವಲ್ಲವೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳಿದರೂ, ಪ್ರಾಯೋಗಿಕವಾಗಿ ಹಲವು ಘಟಕಗಳು ಪ್ರತ್ಯೇಕ ಯಂತ್ರಗಳನ್ನೇ ಬಳಸುತ್ತವೆ.

ಹೆಪಟೈಟಿಸ್ ಬಿ ಲಸಿಕೆಯನ್ನು ಪ್ರಯಾಣಕ್ಕೆ ಬಹಳ ಮೊದಲೇ ಪೂರ್ಣಗೊಳಿಸಿರಬೇಕು. ಲಸಿಕೆ ಪಡೆದ ಕೆಲವು ದಿನಗಳವರೆಗೆ ಪರೀಕ್ಷೆಯು ತಪ್ಪಾಗಿ ಸೋಂಕು ತೋರಿಸುವ ಸಾಧ್ಯತೆಯಿದೆ. ಹೀಗಾಗಿ ಲಸಿಕೆಯ ಬೆನ್ನಲ್ಲೇ ಪ್ರಯಾಣದ ಪರೀಕ್ಷೆ ಮಾಡಿಸುವುದು ಸೂಕ್ತವಲ್ಲ. ಪ್ರವಾಸದಿಂದ ಮರಳಿದ ಬಳಿಕ ಮೂಲ ಘಟಕವು ಪರೀಕ್ಷೆಗಳನ್ನು ಪುನರಾವರ್ತಿಸುವುದುಂಟು. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳದ ಕಾರಣ ಕೆಲವು ವಾರಗಳವರೆಗೆ ನಿಗಾ ಮುಂದುವರಿಯುತ್ತದೆ.

ನೀರಿನ ಗುಣಮಟ್ಟ

ಡಯಾಲಿಸೇಟ್ ನಿಮಿಷಕ್ಕೆ 500 ಮಿಲಿಲೀಟರ್ ವೇಗದಲ್ಲಿ ಹರಿದರೆ 4 ಗಂಟೆಗಳ ಒಂದು ಚಿಕಿತ್ಸೆಯಲ್ಲಿ 120 ಲೀಟರ್ ದ್ರಾವಣ ಬಳಕೆಯಾಗುತ್ತದೆ. ಇಷ್ಟು ನೀರು ತೆಳುವಾದ ಪೊರೆಯೊಂದರ ಆಚೆ ರೋಗಿಯ ರಕ್ತಕ್ಕೆ ಎದುರಾಗಿ ಹರಿಯುವುದರಿಂದ, ಕುಡಿಯಲು ಯೋಗ್ಯವಾದ ನೀರೂ ಡಯಾಲಿಸಿಸ್‌ಗೆ ಸಾಕಾಗುವುದಿಲ್ಲ. ಅದನ್ನು ಇಂಗಾಲದ ಶೋಧಕ ಮತ್ತು ರಿವರ್ಸ್ ಆಸ್ಮಾಸಿಸ್ ವಿಧಾನಗಳಿಂದ ಮತ್ತಷ್ಟು ಶುದ್ಧಗೊಳಿಸಬೇಕು. 1996ರಲ್ಲಿ ಬ್ರೆಜಿಲ್‌ನ ಕರುವಾರು ನಗರದ ಡಯಾಲಿಸಿಸ್ ಕೇಂದ್ರವೊಂದರಲ್ಲಿ ನೀಲಿಹಸಿರು ಪಾಚಿಯ ವಿಷ ಬೆರೆತ ನೀರಿನ ಬಳಕೆಯಿಂದ ಯಕೃತ್ತು ವಿಫಲಗೊಂಡು 50ಕ್ಕೂ ಹೆಚ್ಚು ರೋಗಿಗಳು ಮೃತಪಟ್ಟರು. ನೀರಿನ ಪರೀಕ್ಷೆ ಎಷ್ಟು ದಿನಗಳಿಗೊಮ್ಮೆ ನಡೆಯುತ್ತದೆ ಎಂಬುದು ಹೊಸ ಘಟಕವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು.

ಪ್ರಯಾಣ, ಆಹಾರ ಮತ್ತು ಔಷಧ

ಪ್ರಯಾಣದ ದಿನಗಳಲ್ಲಿ ಆಹಾರದ ಮೇಲಿನ ಹಿಡಿತ ಸಡಿಲವಾಗುತ್ತದೆ. ಹೋಟೆಲ್ ಊಟ, ಉಪ್ಪಿನಕಾಯಿ, ಹಪ್ಪಳಗಳಲ್ಲಿನ ಉಪ್ಪು ಬಾಯಾರಿಕೆಯನ್ನು ಹೆಚ್ಚಿಸಿ, ಕುಡಿದ ನೀರು ದೇಹದಲ್ಲಿಯೇ ಉಳಿಯುತ್ತದೆ. ದಣಿವಾರಿಸಿಕೊಳ್ಳಲು ಸಾಮಾನ್ಯರು ಕುಡಿಯುವ ಎಳನೀರು ಹಾಗೂ ಪ್ರಸಾದ ರೂಪದಲ್ಲಿ ದೊರೆಯುವ ಬಾಳೆಹಣ್ಣು ಪೊಟ್ಯಾಶಿಯಂ ಹೆಚ್ಚಾಗಿರುವ ಪದಾರ್ಥಗಳು. ಡಯಾಲಿಸಿಸ್ ರೋಗಿಗೆ ಇವು ಅಪಾಯ ತರಬಲ್ಲವು. ಕಮರಾಕ್ಷಿ ಅಥವಾ ಧಾರೆಹುಳಿ ಎಂದು ಕರೆಯಲಾಗುವ ನಕ್ಷತ್ರಾಕಾರದ ಹಣ್ಣಿನಲ್ಲಿರುವ ನರವಿಷವು ಮೂತ್ರಪಿಂಡ ವೈಫಲ್ಯವಿರುವವರಲ್ಲಿ ಬಿಡದ ಬಿಕ್ಕಳಿಕೆ, ಗೊಂದಲ, ಸೆಳವು ಮತ್ತು ಸಾವಿಗೂ ಕಾರಣವಾಗಬಲ್ಲದು.

ಎರಿತ್ರೊಪೊಯೆಟಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಹೆಪ್ಪುಗಟ್ಟದಂತೆ ಸಾಗಿಸಬೇಕು. ವಿಮಾನದಲ್ಲಿ ಔಷಧಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಫಿಸ್ಟುಲಾ ಇರುವ ಕೈಯಲ್ಲಿ ಭಾರವಾದ ಚೀಲ ಹೊರುವುದು, ಬಿಗಿಯಾದ ಗಡಿಯಾರ ಅಥವಾ ಬಳೆ ಧರಿಸುವುದು, ಬಸ್ಸಿನಲ್ಲಿ ಆ ಕೈಯ ಮೇಲೆ ಒರಗಿ ನಿದ್ರಿಸುವುದು ಸಲ್ಲದು. ಕ್ಯಾತಿಟರ್ ಇರುವವರು ನದಿ, ಸಮುದ್ರ ಮತ್ತು ಕಲ್ಯಾಣಿಗಳಲ್ಲಿ ಮುಳುಗಿ ಪುಣ್ಯಸ್ನಾನ ಮಾಡಬಾರದು; ಕ್ಯಾತಿಟರ್ ಒದ್ದೆಯಾದರೆ ಸೋಂಕು ನೇರವಾಗಿ ರಕ್ತ ಸೇರುವ ಸಾಧ್ಯತೆಯಿದೆ.

ಚಿಕಿತ್ಸೆ ಮುಗಿದ ತಕ್ಷಣ ದೀರ್ಘ ಪ್ರಯಾಣ ಆರಂಭಿಸುವುದೂ ಸೂಕ್ತವಲ್ಲ. ಹೆಪಾರಿನ್‌ನ ಪ್ರಭಾವ ಉಳಿದಿರುವಾಗ ಸೂಜಿಯ ಗಾಯದಿಂದ ಮತ್ತೆ ರಕ್ತ ಒಸರಬಹುದು. ಹಾಗಾದಲ್ಲಿ ಸ್ವಚ್ಛವಾದ ಬಟ್ಟೆಯಿಟ್ಟು ಗಾಯದ ಮೇಲೆ ಬೆರಳಿನಿಂದ ಬಿಡದೆ ಒತ್ತಿ ಹಿಡಿಯಬೇಕು. ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಧಾವಿಸಬೇಕು. ಮಲಗಿದಾಗ ಉಸಿರು ಕಟ್ಟುವುದು, ಕೈಕಾಲುಗಳಲ್ಲಿ ಹಠಾತ್ ನಿಶ್ಶಕ್ತಿ, ಎದೆನೋವು, ಚಳಿಜ್ವರ ಅಥವಾ ಫಿಸ್ಟುಲಾದಲ್ಲಿನ ಕಂಪನ ನಿಂತುಹೋಗುವುದು ತುರ್ತು ಲಕ್ಷಣಗಳು. ಇವು ಕಂಡುಬಂದಾಗ ಮುಂದಿನ ಪಾಳಿಯವರೆಗೆ ಕಾಯಬಾರದು.

ಪೆರಿಟೋನಿಯಲ್ ಡಯಾಲಿಸಿಸ್ ಮತ್ತು ಪ್ರವಾಸ

ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ಹೊಟ್ಟೆಯ ಒಳಪೊರೆಯೇ ಶೋಧಕವಾಗಿ ಕೆಲಸ ಮಾಡುತ್ತದೆ. ಯಂತ್ರವಿಲ್ಲದ ವಿಧಾನದಲ್ಲಿ ವಯಸ್ಕರು ಸಾಮಾನ್ಯವಾಗಿ ದಿನಕ್ಕೆ 3ರಿಂದ 4 ಬಾರಿ, ಪ್ರತಿ ಬಾರಿ ಸುಮಾರು 2 ಲೀಟರ್ ದ್ರಾವಣವನ್ನು ಹೊಟ್ಟೆಯೊಳಗೆ ತುಂಬಿ ಬದಲಿಸುತ್ತಾರೆ. ಇದಕ್ಕೆ ಅಪರಿಚಿತ ಘಟಕದ ಅಗತ್ಯವಿಲ್ಲದ ಕಾರಣ ಪ್ರಯಾಣ ಸುಲಭ. ಆದರೆ ದಿನಕ್ಕೆ 8 ಲೀಟರ್‌ನಂತೆ 10 ದಿನಗಳಿಗೆ 80 ಲೀಟರ್ ದ್ರಾವಣ ಬೇಕಾಗುವುದರಿಂದ, ಅದನ್ನು ತಲುಪುವ ಊರಿಗೇ ಪೂರೈಕೆದಾರರ ಮೂಲಕ ಮುಂಚಿತವಾಗಿ ತರಿಸಿಕೊಳ್ಳಲಾಗುತ್ತದೆ. ರೈಲು ಅಥವಾ ಬಸ್ ನಿಲ್ದಾಣದಂತಹ ಅಶುಚಿಯಾದ ಜಾಗದಲ್ಲಿ ಚೀಲ ಬದಲಿಸಿದರೆ ಹೊಟ್ಟೆಯ ಪೊರೆಗೆ ಸೋಂಕು ತಗಲಬಹುದು. ಹೊಟ್ಟೆನೋವು ಮತ್ತು ಹೊರಬಂದ ದ್ರಾವಣ ಕದಡಿದಂತೆ ಕಾಣುವುದು ಇದರ ಮೊದಲ ಲಕ್ಷಣಗಳು.

ಭಾರತದಲ್ಲಿ

2016–17ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿಸಲಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ಘಟಕಗಳನ್ನು ಸ್ಥಾಪಿಸಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಉಚಿತ ಹೀಮೋಡಯಾಲಿಸಿಸ್ ಒದಗಿಸುವ ಉದ್ದೇಶ ಹೊಂದಿದೆ. 2019ರಲ್ಲಿ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಮಾರ್ಗಸೂಚಿಗಳು ಹೊರಬಂದವು. ಈ ಕಾರ್ಯಕ್ರಮದ ರೋಗಿಗಳ ಮಾಹಿತಿಯನ್ನು ಒಂದೇ ಜಾಲತಾಣದಲ್ಲಿ ಸೇರಿಸಿ, ದೇಶದ ಯಾವುದೇ ಭಾಗದಲ್ಲಿ ಚಿಕಿತ್ಸೆ ಪಡೆಯುವಂತೆ ಮಾಡುವ ‘ಒಂದು ರಾಷ್ಟ್ರ, ಒಂದು ಡಯಾಲಿಸಿಸ್’ ಎಂಬ ಪರಿಕಲ್ಪನೆಯನ್ನೂ ಕೇಂದ್ರ ಸರ್ಕಾರ ಮುಂದಿಟ್ಟಿದೆ. 14 ಅಂಕಿಗಳ ಆಭಾ ಆರೋಗ್ಯ ಸಂಖ್ಯೆಯು ಇಂತಹ ದಾಖಲೆಗಳನ್ನು ಜೋಡಿಸುವ ಸಾಧನ. ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನಾರೋಗ್ಯ ಯೋಜನೆಯ ಫಲಾನುಭವಿಗಳು ತಮ್ಮ ರಾಜ್ಯದ ಹೊರಗಿನ ನೋಂದಾಯಿತ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆ ಪಡೆಯಲು ಅವಕಾಶವಿದೆ.

ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲದೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಡಯಾಲಿಸಿಸ್ ಘಟಕಗಳಿವೆ. ಇದರಿಂದ ರಾಜ್ಯದೊಳಗಿನ ಪ್ರಯಾಣ ಹಿಂದಿಗಿಂತ ಸುಲಭವಾಗಿದೆ. ಆದರೂ ಘಟಕವಿದೆ ಎಂದ ಮಾತ್ರಕ್ಕೆ ಪಾಳಿ ದೊರೆಯುತ್ತದೆ ಎಂದರ್ಥವಲ್ಲ. ಸೀಮಿತ ಯಂತ್ರಗಳಿರುವ ಸಣ್ಣ ಊರಿನಲ್ಲಿ ಸ್ಥಳೀಯ ರೋಗಿಗಳೇ ಸರದಿಗಾಗಿ ಕಾಯುತ್ತಿರುವಾಗ ಅತಿಥಿ ರೋಗಿಯು ಖಾಸಗಿ ಆಸ್ಪತ್ರೆಗೆ ಹೋಗಿ ಸ್ವಂತ ಹಣ ತೆರಬೇಕಾಗಬಹುದು. ಮೂತ್ರಪಿಂಡ ಕಸಿ ಅಥವಾ ಡಯಾಲಿಸಿಸ್‌ಗಾಗಿ ಪ್ರಯಾಣಿಸುವವರಿಗೆ ಭಾರತೀಯ ರೈಲ್ವೆಯು ಪ್ರಯಾಣ ದರದಲ್ಲಿ ರಿಯಾಯಿತಿ ನೀಡುತ್ತದೆ. ಇದಕ್ಕೆ ನಿಗದಿತ ನಮೂನೆಯ ವೈದ್ಯಕೀಯ ಪ್ರಮಾಣಪತ್ರ ಬೇಕು.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ 1972ರ ಕಾನೂನು ತಿದ್ದುಪಡಿಯ ಮೂಲಕ ಮೆಡಿಕೇರ್ ಯೋಜನೆಯು ವಯಸ್ಸಿನ ಭೇದವಿಲ್ಲದೆ ಶಾಶ್ವತ ಮೂತ್ರಪಿಂಡ ವೈಫಲ್ಯದ ಬಹುಪಾಲು ರೋಗಿಗಳ ವೆಚ್ಚವನ್ನು ಭರಿಸಲು ಆರಂಭಿಸಿತು. ದೇಶದೊಳಗಿನ ಯಾವುದೇ ಮಾನ್ಯತೆ ಪಡೆದ ಘಟಕದಲ್ಲಿ ಈ ಸೌಲಭ್ಯ ದೊರೆಯುತ್ತದೆ. ವಿದೇಶ ಪ್ರವಾಸಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರಗಳ ನಾಗರಿಕರು ಐರೋಪ್ಯ ಆರೋಗ್ಯ ವಿಮಾ ಕಾರ್ಡಿನ ಮೂಲಕ ಇನ್ನೊಂದು ಸದಸ್ಯ ರಾಷ್ಟ್ರದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಡಯಾಲಿಸಿಸ್ ಪಡೆಯಬಹುದು. ಆದರೆ ಇದಕ್ಕೆ ಆತಿಥೇಯ ಘಟಕದೊಂದಿಗೆ ಪೂರ್ವಒಪ್ಪಂದ ಅಗತ್ಯ. ಮೂತ್ರಪಿಂಡ ತಜ್ಞರು ಮತ್ತು ದಾದಿಯರನ್ನು ಹೊಂದಿರುವ ಕೆಲವು ವಿಹಾರ ನೌಕೆಗಳಲ್ಲಿಯೂ ಡಯಾಲಿಸಿಸ್ ವ್ಯವಸ್ಥೆ ಇರುತ್ತದೆ.

ಅಮೆರಿಕ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಭಾರತೀಯ ತಂದೆತಾಯಿಗಳಿಗೆ ಈ ಸಾರ್ವಜನಿಕ ಸೌಲಭ್ಯಗಳು ಸಾಮಾನ್ಯವಾಗಿ ಲಭ್ಯವಿಲ್ಲ. ಪ್ರವಾಸ ವಿಮೆಗಳು ಮೊದಲೇ ಇರುವ ಕಾಯಿಲೆಯ ನಿಯಮಿತ ಚಿಕಿತ್ಸೆಯನ್ನು ಬಹುತೇಕ ಹೊರಗಿಡುತ್ತವೆ. ಆದ್ದರಿಂದ ಪ್ರತಿ ಚಿಕಿತ್ಸೆಯ ಶುಲ್ಕ, ಅದರಲ್ಲಿ ಔಷಧ ಮತ್ತು ರಕ್ತಪರೀಕ್ಷೆ ಸೇರಿವೆಯೇ, ವಾಸ್ತವ್ಯ ಬೆಳೆದರೆ ಪಾಳಿ ಮುಂದುವರಿಯುವುದೇ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳುವುದು ಅಗತ್ಯ.

ವಿಪತ್ತುಗಳ ಸಂದರ್ಭದಲ್ಲಿ

ಅಪರಿಚಿತ ಘಟಕದ ಆಶ್ರಯ ಯಾವಾಗಲೂ ಇಚ್ಛೆಯಿಂದಲೇ ಒದಗುವುದಿಲ್ಲ. 2005ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಪ್ರದೇಶಕ್ಕೆ ಕತ್ರೀನಾ ಚಂಡಮಾರುತ ಅಪ್ಪಳಿಸಿದಾಗ ಹಲವು ಘಟಕಗಳು ಮುಚ್ಚಿ, ರೋಗಿಗಳು ಬೇರೆ ನಗರಗಳಿಗೆ ಚದುರಿಹೋದರು. ದಾಖಲೆಗಳಿಲ್ಲದೆ ಬಂದವರ ಒಣ ತೂಕ, ಔಷಧ ಮತ್ತು ಸೋಂಕಿನ ಸ್ಥಿತಿಯನ್ನು ತಿಳಿಯುವುದು ಅಲ್ಲಿನ ಸಿಬ್ಬಂದಿಗೆ ಕಷ್ಟವಾಯಿತು. 2020ರ ಮಾರ್ಚ್‌ನಲ್ಲಿ ಭಾರತದಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದಾಗಲೂ ಅನೇಕ ರೋಗಿಗಳು ತಮ್ಮ ಮೂಲ ಘಟಕವನ್ನು ತಲುಪಲಾಗದೆ ಹತ್ತಿರದ ಬೇರೆ ಕೇಂದ್ರವನ್ನು ಹುಡುಕಬೇಕಾಯಿತು. ಈ ಕಾರಣದಿಂದ, ಪ್ರಯಾಣದ ಯೋಜನೆ ಇಲ್ಲದವರೂ ಒಣ ತೂಕ, ಚಿಕಿತ್ಸೆಯ ಕ್ರಮ, ಫಿಸ್ಟುಲಾದ ವಿವರ ಮತ್ತು ಇತ್ತೀಚಿನ ಪರೀಕ್ಷಾ ವರದಿಗಳಿರುವ ಒಂದು ಹಾಳೆಯನ್ನು ಸದಾ ಸಿದ್ಧವಾಗಿಟ್ಟುಕೊಳ್ಳುವಂತೆ ಸಲಹೆ ನೀಡಲಾಗುತ್ತದೆ.

ಸಾಮಾಜಿಕ ಮಹತ್ವ

ವಾರಕ್ಕೆ ಎರಡು ಮೂರು ಬಾರಿ ಒಂದೇ ಆಸ್ಪತ್ರೆಗೆ ಹೋಗಬೇಕಾದ ಕಟ್ಟುಪಾಡು ರೋಗಿಯ ಉದ್ಯೋಗ ಮತ್ತು ಕೌಟುಂಬಿಕ ಸಂಬಂಧಗಳ ಮೇಲೆ ಪರಿಣಾಮ ಬೀರುತ್ತದೆ. ಮಗಳ ಮದುವೆ ಅಥವಾ ತಂದೆಯ ಅಂತ್ಯಕ್ರಿಯೆಯಂತಹ ಸಂದರ್ಭಗಳಲ್ಲಿ ಚಿಕಿತ್ಸೆಯನ್ನೋ ಕರ್ತವ್ಯವನ್ನೋ ಬಿಡಬೇಕಾದ ಇಕ್ಕಟ್ಟು ಎದುರಾಗುತ್ತದೆ. ಚಿಕಿತ್ಸೆಯನ್ನು ಬಿಟ್ಟವರು ಜೀವಕ್ಕೇ ಅಪಾಯ ತಂದುಕೊಳ್ಳುತ್ತಾರೆ. ಪ್ರಯಾಣವನ್ನು ಬಿಟ್ಟವರು ಕ್ರಮೇಣ ಬಂಧುಬಳಗದಿಂದ ದೂರವಾಗುತ್ತಾರೆ. ಸುರಕ್ಷಿತವಾದ ಪ್ರವಾಸಕಾಲದ ಡಯಾಲಿಸಿಸ್ ಈ ಎರಡರಲ್ಲಿ ಒಂದನ್ನು ಆರಿಸಬೇಕಾದ ಅನಿವಾರ್ಯತೆಯನ್ನು ಕಡಿಮೆ ಮಾಡುತ್ತದೆ. ಹೀಗಾಗಿ ಇದನ್ನು ಕೇವಲ ವಿಹಾರದ ಅನುಕೂಲವೆಂದಲ್ಲದೆ, ದೀರ್ಘಕಾಲದ ಮೂತ್ರಪಿಂಡ ಚಿಕಿತ್ಸೆಯ ಒಂದು ಅಂಗವೆಂದು ಪರಿಗಣಿಸಲಾಗುತ್ತದೆ.